ಒಂದು ಗೇಟಿಗೆ ಒಂದು ಸೇತುವೆ

ಕೆ.ಆರ್. ಪುರದ ಸೇತುವೆಯನ್ನು ಯಾರಾದರೂ ‘ಹ್ಯಾಂಗಿಂಗ್ ಬ್ರಿಡ್ಜ್’ ಅಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆಟೋದವರನ್ನು ತಿದ್ದಿದ್ದೇನೆ, ಕಂಡಕ್ಟರುಗಳನ್ನು ತಿದ್ದಿದ್ದೇನೆ. ಒಮ್ಮೆ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರನ್ನೂ ಬಿಡಲಿಲ್ಲ. ಪಾಪ, ಪಾಯಸ ಬರುವ ಮುಂಚೆ ಎದ್ದು ಹೋಗಲಾರದೆ ಅವರು ಪೂರ್ತಿ ಕೇಳಿಸಿಕೊಂಡರು.

ನಿಜವಾದ ತೂಗು ಸೇತುವೆಯಲ್ಲಿ ಎರಡು ದೊಡ್ಡ ಕಂಬಗಳ ತಲೆಯ ಮೇಲಿಂದ ಒಂದು ಹೆಬ್ಬಗ್ಗ, ಅಂದರೆ ದಪ್ಪನೆಯ ಮುಖ್ಯ ಕೇಬಲ್ಲು, ಹಾದುಹೋಗುತ್ತದೆ. ಒಗೆದ ಸೀರೆ ಒಣಹಾಕಿದ ತಂತಿ ನಡುವೆ ಜೋತುಬೀಳುತ್ತದಲ್ಲ, ಹಾಗೆ ಅದು ಜೋತುಬೀಳುತ್ತದೆ. ಆ ಹೆಬ್ಬಗ್ಗದಿಂದ ಸಣ್ಣ ಹಗ್ಗಗಳು ನೇರ ಕೆಳಗಿಳಿದು ರಸ್ತೆಯನ್ನು ಎತ್ತಿ ಹಿಡಿಯುತ್ತವೆ. ಹೆಬ್ಬಗ್ಗದ ಎರಡು ತುದಿಗಳನ್ನೂ ಎರಡು ದಡಗಳಲ್ಲಿ ಭಾರೀ ಕಟ್ಟೆ ಕಟ್ಟಿ ಅದರೊಳಗೆ ಹೂತಿರುತ್ತಾರೆ. ಆ ಕಡೆ ಈ ಕಡೆ ಎರಡೂ ಹಿಡಿತ ಗಟ್ಟಿ ಇದ್ದರಷ್ಟೇ ಸೇತುವೆ. ನಮ್ಮ ಕೆ.ಆರ್. ಪುರದ್ದು ಹಾಗಲ್ಲ. ಅಲ್ಲಿ ಕಂಬದಿಂದ ಕೇಬಲ್ಲುಗಳು ಓರೆಯಾಗಿ ಬಂದು ನೇರ ರಸ್ತೆಯನ್ನೇ ಹಿಡಿದಿವೆ. ದಡದ ಹಂಗು ಅದಕ್ಕಿಲ್ಲ. ಒಂಟಿ ಹೆಂಗಸಿನ ಸಂಸಾರದ ಹಾಗೆ, ತನ್ನ ಭಾರವನ್ನು ತಾನೇ ತೂಗಿಸಿಕೊಂಡು ನಿಂತಿದೆ.

ಇದೆಲ್ಲ ನನಗೆ ಹೇಗೆ ಗೊತ್ತು ಅನ್ನಬಹುದು. ನಾನು ಇಂಜಿನಿಯರ್ ಅಲ್ಲ. ಶಿವಾಜಿನಗರದಲ್ಲಿ, ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿದ್ದ ಒಂದು ಸಣ್ಣ ಆಫೀಸಿನಲ್ಲಿ ಟ್ರೇಸರ್ ಆಗಿದ್ದೆ. ಇಂಜಿನಿಯರ್ ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ಅರೆಪಾರದರ್ಶಕ ಕಾಗದ ಹಾಸಿ, ಕಪ್ಪು ಮಸಿಯಲ್ಲಿ ಗೆರೆಗೆ ಗೆರೆ ಕೂಡಿಸಿ ಬರೆಯುವುದು ನನ್ನ ಕೆಲಸ. ತಪ್ಪಿದರೆ ಅಳಿಸಲು ರಬ್ಬರಿಲ್ಲ. ಬ್ಲೇಡಿನಿಂದ ಹೆರೆಯಬೇಕು, ಕಾಗದ ತೂತಾಗದ ಹಾಗೆ. ನಕ್ಷೆಯ ಬಲಮೂಲೆಯಲ್ಲಿ ಒಂದು ಚೌಕ ಇರುತ್ತಿತ್ತು. ಅದರಲ್ಲಿ ‘ಬರೆದವರು’ ಅಂತ ಒಂದು ಮನೆ, ‘ಪರಿಶೀಲಿಸಿದವರು’ ಅಂತ ಇನ್ನೊಂದು ಮನೆ. ಎರಡನೆಯ ಮನೆಯಲ್ಲಿ ಸಹಿ ಬೀಳದ ನಕ್ಷೆ ಆಫೀಸಿನ ಹೊಸ್ತಿಲು ದಾಟುವಂತಿರಲಿಲ್ಲ. ಎಷ್ಟೇ ಅವಸರವಿರಲಿ, ಒಬ್ಬರ ಸಹಿಯನ್ನು ಇನ್ನೊಬ್ಬರು ಹಾಕುವಂತಿರಲಿಲ್ಲ. ನಮ್ಮಲ್ಲಿ ಅದೊಂದು ಮಡಿ.

ಅಲ್ಲಿ ನಾನು ಬರೆದದ್ದು ನೀರಿನ ಟ್ಯಾಂಕು, ಗೋದಾಮು, ಕಲ್ಯಾಣ ಮಂಟಪ. ಸೇತುವೆ ಅಂದರೆ ಚರಂಡಿ ಮೇಲಿನ ಮೋರಿ, ಅಷ್ಟೆ. ಆದರೆ ಆಫೀಸಿನ ಕಪಾಟಿನಲ್ಲಿ ತೂಗು ಸೇತುವೆಗಳ ಚಿತ್ರಗಳಿದ್ದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದಿತ್ತು. ಮಧ್ಯಾಹ್ನ ಎಲ್ಲರೂ ಗುಂಪಾಗಿ ಕೂತು ಡಬ್ಬಿ ಬಿಚ್ಚಿದರೆ, ನಾನು ನನ್ನ ಮೇಜಿನಲ್ಲೇ ಆ ಪುಸ್ತಕ ಬಿಚ್ಚಿಕೊಂಡು ಮೊಸರನ್ನ ತಿನ್ನುತ್ತಿದ್ದೆ. ನನ್ನ ಮಾತು ಸ್ವಲ್ಪ ಒರಟು. ಹರಿಹರದ ಕಡೆಯವಳು, ಬಾಯಿಗೆ ಬಂದದ್ದನ್ನು ಅಂದುಬಿಡುತ್ತೇನೆ. ಒಂದೆರಡು ಸಲ ಕರೆದರು, ಆಮೇಲೆ ಕರೆಯುವುದನ್ನು ಬಿಟ್ಟರು. ನಾನೂ ಹೋಗಲಿಲ್ಲ. ಮೂವತ್ತನಾಲ್ಕು ದಾಟಿತ್ತು, ಮದುವೆಯ ಮಾತನ್ನು ಊರಲ್ಲೂ ಯಾರೂ ಎತ್ತುತ್ತಿರಲಿಲ್ಲ. ಕೆ.ಆರ್. ಪುರದಲ್ಲಿ ಸಂತೆ ನಡೆಯುವ ಜಾಗದ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಶನಿವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಿಗ್ಗೆ ಕಂಡಕ್ಟರಿಗೆ ‘ಶಿವಾಜಿನಗರ’ ಅನ್ನುವವರೆಗೆ ಬಾಯಿಂದ ಒಂದು ಮಾತು ಹೊರಡದ ವಾರಗಳಿದ್ದವು.

ಆಗಿನ್ನೂ ಆ ಸೇತುವೆ ಇರಲಿಲ್ಲ, ರೈಲ್ವೆ ಗೇಟಿತ್ತು. ತೊಂಬತ್ತರ ದಶಕದಲ್ಲಿ ಹಳೇ ಮದ್ರಾಸ್ ರಸ್ತೆಯಲ್ಲಿ ಓಡಾಡಿದವರಿಗೆ ಆ ಗೇಟಿನ ಬಗ್ಗೆ ಹೇಳಬೇಕಾಗಿಲ್ಲ. ಬೆಳಗಿನ ಹೊತ್ತು ಗೇಟು ಬಿತ್ತೆಂದರೆ ಲಾರಿ, ಬಸ್ಸು, ಎತ್ತಿನ ಗಾಡಿ, ಸ್ಕೂಟರು ಎಲ್ಲ ಒಂದರ ಬೆನ್ನಿಗೊಂದು ನಿಲ್ಲುತ್ತಿದ್ದವು. ಡ್ರೈವರು ಇಂಜಿನ್ ಆರಿಸುತ್ತಿದ್ದ. ಜನ ಇಳಿದು ಬಂದು ಹುಣಸೆಮರದ ಕೆಳಗೆ ನಿಲ್ಲುತ್ತಿದ್ದರು. ಅಲ್ಲಿ ಒಬ್ಬ ಅಜ್ಜಿ ಬುಟ್ಟಿಯಲ್ಲಿ ಬೇಯಿಸಿದ ಕಡಲೆಕಾಯಿ ಇಟ್ಟುಕೊಂಡು ಕೂತಿರುತ್ತಿದ್ದಳು. ಗೇಟಿನ ಜನಕ್ಕೆ ಒಂದು ರೂಢಿಯಿತ್ತು. ಮಳೆ, ಬೆಲೆ, ಮಗಳ ಹೆರಿಗೆ, ಏನು ಬೇಕಾದರೂ ಮಾತಾಡುತ್ತಿದ್ದರು, ಹೆಸರು ಮಾತ್ರ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಗೇಟು ಏಳುತ್ತಿದ್ದಂತೆ ಅರ್ಧಕ್ಕೆ ಬಿಟ್ಟ ಮಾತನ್ನು ಅಲ್ಲೇ ಬಿಟ್ಟು ತಮ್ಮ ತಮ್ಮ ಬಸ್ಸಿಗೆ ಓಡುತ್ತಿದ್ದರು. ನಾಳೆ ಹೇಗೂ ಗೇಟು ಬೀಳುತ್ತದೆ.

ನನಗೆ ಅವರೊಬ್ಬರು ಸಿಕ್ಕಿದ್ದು ಅಲ್ಲೇ. ಅವರ ಬಸ್ಸು ಹೊಸಕೋಟೆ ಕಡೆಯಿಂದ ಬರುತ್ತಿತ್ತು, ನನ್ನದು ಕೆ.ಆರ್. ಪುರದಿಂದ ಹೊರಡುತ್ತಿತ್ತು. ಎರಡೂ ಕೂಡುತ್ತಿದ್ದುದು ಗೇಟಿನ ಮುಂದೆ ಮಾತ್ರ. ಒಂದು ದಿನ ಪುಸ್ತಕದಿಂದ ಜೆರಾಕ್ಸ್ ಮಾಡಿಸಿಕೊಂಡ ಚಿತ್ರವೊಂದನ್ನು ನೋಡುತ್ತ ನಿಂತಿದ್ದೆ. ಹಿಂದಿನಿಂದ ಒಂದು ದನಿ ಬಂತು.

“ಅಷ್ಟು ದಪ್ಪ ರೋಪ್ ಎಲ್ಲಿ ಮಾಡ್ತಾರೆ ಮೇಡಂ?”

ತಿರುಗಿ ನೋಡಿದೆ. ನಲವತ್ತರ ಆಸುಪಾಸು, ಖಾಕಿ ಅಂಗಿ, ಭುಜಕ್ಕೊಂದು ಕ್ಯಾನ್ವಾಸ್ ಚೀಲ. ಎಡಗೈ ಕಿರುಬೆರಳಿನ ತುದಿ ಇರಲಿಲ್ಲ.

“ಅದು ಒಂದೇ ರೋಪ್ ಅಲ್ಲ. ಸಾವಿರಾರು ತಂತಿ ಒಟ್ಟಿಗೆ ಕಟ್ಟಿರೋದು. ಗೊತ್ತಿಲ್ದೆ ಮಾತಾಡ್ಬಾರ್ದು” ಅಂದೆ. ನನ್ನ ಬಾಯಿಯೇ ಹಾಗೆ.

ಅವರು ನಕ್ಕರು. “ಗೊತ್ತು ಮೇಡಂ. ನಾನು ಲಿಫ್ಟ್ ಮೆಕ್ಯಾನಿಕ್ಕು. ದಿನಾ ಲಿಫ್ಟಿನ ತಂತಿಹಗ್ಗಾನೇ ಸವರ್ತಿರ್ತೀನಿ. ಒಣ ಬಟ್ಟೆ ಹಿಡಿದು ಹಗ್ಗದುದ್ದಕ್ಕೂ ಎಳೀತೀವಿ. ಎಲ್ಲಾದ್ರೂ ಒಂದು ಎಳೆ ಕಿತ್ತಿದ್ರೆ ಬಟ್ಟೆ ಸಿಕ್ಕಾಕೊಳ್ಳತ್ತೆ. ಕಣ್ಣಿಗೆ ಕಾಣಲ್ಲ, ಬಟ್ಟೆಗೆ ಗೊತ್ತಾಗತ್ತೆ.”

ಕಾಕ್ಸ್ ಟೌನ್, ಇಂದಿರಾನಗರದಲ್ಲಿ ಹಳೇ ಮನೆ ಕೆಡವಿ ಫ್ಲ್ಯಾಟು ಏಳುತ್ತಿದ್ದ ಕಾಲ. ಅವರ ಕೈತುಂಬ ಕೆಲಸವಿತ್ತು. ಅವರ ಹಿರಿಯರು ರಾಗಿ ಬೆಳೆಯುತ್ತಿದ್ದವರಂತೆ. ಊರಲ್ಲಿ ಇನ್ನೂ ಎರಡೆಕರೆ ಇದೆ, ಅದನ್ನು ಅಣ್ಣ ನೋಡಿಕೊಳ್ಳುತ್ತಾರೆ ಅಂದಿದ್ದರು. ಹೆಂಡತಿ ತೀರಿಹೋಗಿ ಆರು ವರ್ಷವಾಯಿತು ಅಂತ ಒಮ್ಮೆ ಕಡಲೆಕಾಯಿ ಸುಲಿಯುತ್ತ ಹೇಳಿದರು, ಸಿಪ್ಪೆ ಎಸೆದಷ್ಟೇ ಹಗುರಾಗಿ. ನಾನು ರೈಲು ಬಂತಾ ಅಂತ ಹಳಿಯ ಕಡೆ ಇಣುಕಿದೆ. ಏನಾದರೂ ಅನ್ನಬೇಕಿತ್ತು.

ಹೀಗೆ ಶುರುವಾಯಿತು, ಒಂದು ಗೇಟಿಗೆ ಒಂದು ಸೇತುವೆ. ಪ್ಯಾಸೆಂಜರ್ ರೈಲಾದರೆ ಸಣ್ಣ ಕತೆ, ಗೂಡ್ಸ್ ಬಂದರೆ ದೊಡ್ಡದು. ಮಧ್ಯಾಹ್ನ ಓದಿದ್ದನ್ನು ನಾಳೆ ಬೆಳಿಗ್ಗೆ ಹೇಗೆ ಹೇಳಬೇಕೆಂದು ಸಂಜೆ ಅನ್ನಕ್ಕಿಟ್ಟು ಕೂತಾಗಲೇ ಜೋಡಿಸಿಕೊಳ್ಳುತ್ತಿದ್ದೆ. ಅವರು ಒಂದು ದಿನ ಕಾಣದಿದ್ದರೆ ಆ ಕತೆ ಹೊಟ್ಟೆಯಲ್ಲೇ ಉಳಿದು ಇಡೀ ದಿನ ಸಿಡಿಮಿಡಿ.

ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯದನ್ನು ಮೂರು ಗೇಟುಗಳಲ್ಲಿ ಹೇಳಿದೆ. ಅದನ್ನು ಯೋಚಿಸಿದ ಇಂಜಿನಿಯರ್ ಕಾಲಿಗೆ ಪೆಟ್ಟಾಗಿ ಸತ್ತ. ಮಗ ಕೆಲಸ ವಹಿಸಿಕೊಂಡ. ನದಿಯ ತಳದಲ್ಲಿ ಗಾಳಿ ಒತ್ತಿ ತುಂಬಿದ ಪೆಟ್ಟಿಗೆಯೊಳಗೆ ಕೂತು ಅಡಿಪಾಯ ತೋಡಿಸಿ ಅವನೂ ಕಾಯಿಲೆ ಬಿದ್ದ. ಮನೆಯ ಕಿಟಕಿಯಿಂದಲೇ ಕೆಲಸ ನೋಡುತ್ತಿದ್ದ. ಅವನ ಮಾತನ್ನು ಕೆಲಸದ ಜಾಗಕ್ಕೆ, ಅಲ್ಲಿಯ ಸುದ್ದಿಯನ್ನು ಅವನಿಗೆ ವರ್ಷಗಟ್ಟಲೆ ಮುಟ್ಟಿಸಿದವಳು ಅವನ ಹೆಂಡತಿ. ಅಷ್ಟರಲ್ಲಿ ತಂತಿ ಒದಗಿಸುವವನು ಕಳಪೆ ತಂತಿ ಸೇರಿಸಿ ಮೋಸ ಮಾಡಿದ. ಗೊತ್ತಾಗುವ ಹೊತ್ತಿಗೆ ಅದು ಹೆಬ್ಬಗ್ಗದೊಳಗೆ ಸೇರಿಹೋಗಿತ್ತು.

“ಬಿಚ್ಚಿದ್ರಾ?” ಅಂತ ಅವರು ಕೇಳಿದರು. ಮುಖದಲ್ಲಿ ನಿಜವಾದ ಗಾಬರಿ.

“ಇಲ್ಲ. ಮೇಲೆ ಇನ್ನಷ್ಟು ಒಳ್ಳೇ ತಂತಿ ಸೇರಿಸಿದ್ರು.”

“ಆ ಕಳ್ಳ ತಂತಿ ಇವತ್ತೂ ಒಳಗೇ ಇದೆಯಾ?”

“ಇದೆ.”

ಅವರು ಬಹಳ ಹೊತ್ತು ತಲೆಯಾಡಿಸಿದರು. “ನಮ್ಮ ಲಿಫ್ಟಲ್ಲಿ ಹಂಗಾದ್ರೆ ನನಗೆ ನಿದ್ದೆ ಬರ್ತಿರ್ಲಿಲ್ಲ ಬಿಡಿ.”

ಅಮೆರಿಕದ ಟಕೋಮಾದಲ್ಲಿ ಹೊಸ ಸೇತುವೆಯೊಂದು ಕಟ್ಟಿ ಕೆಲವೇ ತಿಂಗಳಲ್ಲಿ ಗಾಳಿಗೆ ತಿರುಚಿಕೊಂಡು ಕಿತ್ತುಬಿದ್ದದ್ದನ್ನು ಹೇಳಿದ ದಿನ ಅವರು ನನ್ನ ಮೇಲೇ ಸಿಟ್ಟಾದರು. ಅಂದು ಸೇತುವೆಯ ಮೇಲೆ ನಿಂತ ಕಾರಿನಲ್ಲಿ ಒಂದು ನಾಯಿಯಿತ್ತು. ಬಿಡಿಸಲು ಹೋದವರನ್ನೇ ಹೆದರಿ ಕಚ್ಚಿತು. ಸತ್ತದ್ದು ಅದೊಂದೇ.

“ಬಾಗಿಲು ತೆಗೆದು ದೂರ ನಿಂತ್ಕೊಂಡು ಕರೀಬೇಕಿತ್ತು. ನಾಯಿಗೆ ಕೈ ಹಾಕಿದ್ರೆ ಬರತ್ತಾ? ಕಾಯ್ಬೇಕು ಮೇಡಂ” ಅಂದರು. ಮಾರನೆಯ ದಿನವೂ ಅದನ್ನೇ ಹೇಳಿದರು.

ಅವರಿಗೆ ತುಂಬ ಇಷ್ಟವಾದದ್ದು ನಯಾಗರದ್ದು. ಅಷ್ಟು ಆಳದ ಕಣಿವೆ, ಕೆಳಗೆ ಭೋರ್ಗರೆಯುವ ನೀರು. ದೋಣಿ ಹಾಕುವಂತಿಲ್ಲ. ಮೊದಲ ಹಗ್ಗವನ್ನು ಆಚೆ ದಡಕ್ಕೆ ದಾಟಿಸುವುದು ಹೇಗೆ? ಗಾಳಿಪಟದ ಪಂದ್ಯ ಇಟ್ಟರು. ಗಾಳಿಪಟ ಆಚೆ ಬಿತ್ತು, ಅದರ ದಾರ ಸಿಕ್ಕಿತು. ಆ ದಾರಕ್ಕೆ ಸ್ವಲ್ಪ ದಪ್ಪ ದಾರ ಕಟ್ಟಿ ಎಳೆದರು, ಅದಕ್ಕೆ ಹಗ್ಗ, ಹಗ್ಗಕ್ಕೆ ಕಬ್ಬಿಣದ ತಂತಿ. ಆಮೇಲೆ ಅದೇ ಕಣಿವೆಯ ಮೇಲೆ ರೈಲೇ ಓಡಿತು.

“ಅಂದ್ರೆ ಮೊದಲ ದಾರ ಒಂದು ದಾಟ್ಬೇಕು, ಅಷ್ಟೆ” ಅಂದರು.

ಕಡಲೆಕಾಯಿ ಅಜ್ಜಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. “ಇವ್ರಿಬ್ರೂ ಮಾತಾಡ್ತಾ ಇದ್ರೆ ರೈಲೇ ನಿಂತ್ಕೊಂಡು ಕೇಳತ್ತೆ ಕಣಪ್ಪಾ” ಎಂದಳು. ನನ್ನ ಕಿವಿ ಬಿಸಿಯಾಯಿತು. ಅವರು ಅಜ್ಜಿಗೆ ಏನೋ ಹೇಳಿ ಮಾತು ತೇಲಿಸಿದರು. ಅಂದು ಆಫೀಸಿನಲ್ಲಿ ಒಂದು ನೀರಿನ ಟ್ಯಾಂಕಿಗೆ ಎರಡು ಏಣಿ ಬರೆದು ಬೈಸಿಕೊಂಡೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ನನಗೆ ಅವರು ಬೇಕಾಗಿದ್ದರು. ಗೇಟಿನ ಹದಿನೈದು ನಿಮಿಷಕ್ಕಷ್ಟೇ ಅಲ್ಲ, ಭಾನುವಾರಕ್ಕೂ ಬೇಕಾಗಿದ್ದರು.

ಆ ಹೊತ್ತಿಗೆ ಗೇಟಿನ ಪಕ್ಕದಲ್ಲೇ ಹೊಸ ಸೇತುವೆಯ ಕಂಬದ ಕೆಲಸ ಶುರುವಾಗಿತ್ತು. ಕಂಬ ಎದ್ದಿತು, ಕೇಬಲ್ಲು ಬಂತು. ನಮ್ಮ ತಲೆಯ ಮೇಲೇ ರಸ್ತೆ ಬೆಳೆಯತೊಡಗಿತು. ನಾನಂತೂ ಕತ್ತು ನೋಯುವಷ್ಟು ನೋಡಿದೆ. “ನಿಮ್ಮ ತೂಗು ಸೇತುವೆ ನಮ್ಮೂರಿಗೇ ಬಂತಲ್ಲ ಮೇಡಂ” ಅಂತ ಅವರು ಅಂದರೆ, ಇದು ತೂಗು ಸೇತುವೆ ಅಲ್ಲ ಅಂತ ಹುಣಸೆಬೀಜ ಜೋಡಿಸಿ ನೆಲದ ಮೇಲೆ ಪಾಠ ಮಾಡಿದೆ. ಅವರು ಎಲ್ಲ ಕೇಳಿ, “ಸರಿ. ಇದು ಆದ್ಮೇಲೆ ಗೇಟಿರಲ್ಲ, ಅಲ್ವಾ?” ಅಂದರು.

“ಇರಲ್ಲ. ಒಳ್ಳೇದೇ ಆಯ್ತಲ್ಲ, ದಿನಾ ಟೈಮ್ ಉಳಿಯತ್ತೆ” ಅಂದೆ.

“ಹೌದೌದು” ಅಂದರು. ಚೀಲ ಭುಜಕ್ಕೇರಿಸಿಕೊಂಡು ಗೇಟಿನತ್ತ ನೋಡುತ್ತ ನಿಂತರು. ರೈಲು ಇನ್ನೂ ಬಂದಿರಲಿಲ್ಲ. ಅವರು ಕೇಳಿದ್ದು ಸೇತುವೆಯ ಬಗ್ಗೆ ಅಲ್ಲ ಎಂದು ನನಗೆ ಹೊಳೆದದ್ದು ಹಲಸೂರು ಕೆರೆ ದಾಟಿದ ಮೇಲೆ. ಬಸ್ಸಿನಲ್ಲೇ ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಪಕ್ಕದ ಹೆಂಗಸು ಸರಿದು ಕೂತಳು.

ನೇರ ಹೆಸರು ಕೇಳಿದರೆ ಆಗುತ್ತಿತ್ತು. ಆದರೆ ಅಷ್ಟು ವರ್ಷ ಕೇಳದೆ ಈಗ ಕೇಳಿದರೆ ಅದರ ಅರ್ಥವೇ ಬೇರೆ. ನನಗೆ ನಾಚಿಕೆ, ಅದಕ್ಕಿಂತ ಜಂಬ. ಹಾಗಾಗಿ ನನ್ನ ಕೈಗೆ ಗೊತ್ತಿದ್ದ ದಾರಿ ಹಿಡಿದೆ. ಒಂದು ಹಾಳೆ ಟ್ರೇಸಿಂಗ್ ಕಾಗದ ಮನೆಗೆ ತಂದು ಗೇಟಿನ ಮೇಲೊಂದು ಸೇತುವೆ ಬರೆದೆ. ಅಲ್ಲಿ ಕಟ್ಟುತ್ತಿದ್ದುದಲ್ಲ, ಅಪ್ಪಟ ತೂಗು ಸೇತುವೆ. ಹೆಬ್ಬಗ್ಗ, ಇಳಿಹಗ್ಗಗಳು, ಎರಡು ದಡದ ಕಟ್ಟೆಗಳು. ಕೆಳಗೆ ಗೇಟು, ಹುಣಸೆಮರ, ಅಜ್ಜಿಯ ಬುಟ್ಟಿ. ಬಲಮೂಲೆಯಲ್ಲಿ ಚೌಕ. ‘ಬರೆದವರು’ ಎಂಬ ಮನೆಯಲ್ಲಿ ನನ್ನ ಪೂರ್ತಿ ಹೆಸರು. ‘ಪರಿಶೀಲಿಸಿದವರು’ ಖಾಲಿ. ಹಗ್ಗದ ವಿಷಯ ನಿಮಗೆ ತಾನೆ ಗೊತ್ತಿರೋದು, ನೋಡಿ ಸಹಿ ಹಾಕಿ ಅನ್ನುವುದು ನನ್ನ ಹಂಚಿಕೆ. ಆ ಮನೆ ತುಂಬಿದರೆ ಹೆಸರು ಸಿಗುತ್ತದೆ, ನನ್ನದೂ ಅವರಿಗೆ ಸಿಗುತ್ತದೆ. ಮುಂದಿನದು ಮುಂದೆ.

ಒಂದು ಶನಿವಾರ ಬೆಳಿಗ್ಗೆ ಅದನ್ನು ಸುತ್ತಿ ಕೊಳವೆಯಲ್ಲಿಡುವಾಗ ಕಂಡಿತು. ಒಂದು ಇಳಿಹಗ್ಗದ ಮಸಿ ಹರಡಿತ್ತು. ಬ್ಲೇಡಿನಿಂದ ಹೆರೆಯಲು ಹೋದೆ, ಬ್ಲೇಡು ಜಾರಿ ಕಾಗದ ತೂತಾಯಿತು. ಬೇರೆ ಯಾರೇ ಆಗಿದ್ದರೂ ಅದನ್ನೇ ತೋರಿಸುತ್ತಿದ್ದರು. ತೂತು ಬಿದ್ದ ನಕ್ಷೆಯನ್ನು ಪರಿಶೀಲನೆಗೆ ಕೊಡುವ ಟ್ರೇಸರ್ ಹುಟ್ಟಿಲ್ಲ. ಖಾಲಿ ಕೈಯಲ್ಲಿ ಗೇಟಿಗೆ ಹೋದೆ.

“ಸೋಮವಾರ ನಿಮಗೊಂದು ತೋರಿಸ್ತೀನಿ” ಅಂದೆ.

“ಏನು ಮೇಡಂ?”

“ಸೋಮವಾರ ಅಂದ್ನಲ್ಲ. ಇಲ್ಲೇ ಇರಿ.”

“ಇರ್ತೀನಿ. ನಾನೆಲ್ಲಿ ಹೋಗ್ತೀನಿ” ಅಂದರು. ಗೇಟು ಎದ್ದಿತು, ಓಡಿದೆವು.

ಸೇತುವೆ ಓಡಾಟಕ್ಕೆ ತೆರೆಯುತ್ತದೆ ಎಂದು ಎಷ್ಟೋ ಸಲ ಸುದ್ದಿಯಾಗಿ ಮುಂದೆ ಹೋಗಿತ್ತು, ಎಲ್ಲರೂ ನಂಬುವುದನ್ನೇ ಬಿಟ್ಟಿದ್ದೆವು. ಭಾನುವಾರ ಇಡೀ ದಿನ ಬಾಗಿಲು ಹಾಕಿಕೊಂಡು ಹೊಸ ಹಾಳೆಯಲ್ಲಿ ಮತ್ತೆ ಬರೆದೆ. ಹೊರಗೆ ಎಲ್ಲೋ ಪಟಾಕಿ ಸಿಡಿದದ್ದು ಕೇಳಿತು, ಯಾರದೋ ಮದುವೆ ಅಂದುಕೊಂಡೆ. ಸೋಮವಾರ ಕೊಳವೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಗೇಟಿನ ದಾರಿಗೆ ತಿರುಗಬೇಕಾದ ಬಸ್ಸು ತಿರುಗಲಿಲ್ಲ, ಹೊಸ ಸೇತುವೆ ಏರಿತು. ಬಸ್ಸಿನಲ್ಲಿದ್ದವರೆಲ್ಲ ‘ಹೋ’ ಅಂತ ಕೂಗಿ ಚಪ್ಪಾಳೆ ತಟ್ಟಿದರು. ನಾನು ಎಡಗಡೆಯ ಕಿಟಕಿಯಿಂದ ಕೆಳಗೆ ನೋಡಿದೆ. ಹುಣಸೆಮರದ ಕೆಳಗೆ ಖಾಕಿ ಅಂಗಿ, ಕ್ಯಾನ್ವಾಸ್ ಚೀಲ. ತಲೆಯೆತ್ತಿ ಒಂದೊಂದೇ ಬಸ್ಸನ್ನು ನೋಡುತ್ತಿದ್ದರು.

“ನಿಲ್ಸಿ, ನಿಲ್ಸಿ” ಅಂತ ಕಿರುಚಿದೆ.

“ಬ್ರಿಡ್ಜ್ ಮೇಲೆ ಎಲ್ಲಮ್ಮಾ ನಿಲ್ಸೋದು? ಕೂತ್ಕೊಳಿ” ಅಂದ ಕಂಡಕ್ಟರ್.

ಸೇತುವೆಯಾಚೆಯ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇಳಿದು ವಾಪಸು ಓಡುವಂತೆ ನಡೆದೆ. ನಾನು ತಲುಪುವ ಹೊತ್ತಿಗೆ ಮರದ ಕೆಳಗೆ ಯಾರೂ ಇರಲಿಲ್ಲ. ಮುಂದಿನ ಮೂರು ದಿನ ಬೆಳಿಗ್ಗೆ ಎಂಟಕ್ಕೆ ಹೋಗಿ, ಆಫೀಸಿಗೆ ತಡವಾಗದಷ್ಟು ಹೊತ್ತು ನಿಂತೆ. ಗೇಟಿದ್ದಾಗ ಇಬ್ಬರನ್ನೂ ಒಂದೇ ಹೊತ್ತಿಗೆ ಹಿಡಿದು ನಿಲ್ಲಿಸುತ್ತಿದ್ದುದು ಅದು. ಈಗ ಹೊತ್ತು ಗೊತ್ತುಮಾಡುವವರು ಯಾರು? ಅಜ್ಜಿಯೂ ಕಾಣಲಿಲ್ಲ. ನಿಲ್ಲುವವರೇ ಇಲ್ಲದ ಕಡೆ ಕಡಲೆಕಾಯಿ ಯಾರಿಗೆ? ನಾಲ್ಕನೆಯ ದಿನ ನನಗೆ ಸಿಟ್ಟು ಬಂತು. ಹುಡುಕುವ ಕೆಲಸ ನನಗೊಬ್ಬಳಿಗೇ ಏಕೆ, ಬೇಕಿದ್ದರೆ ಅವರೂ ಹುಡುಕಲಿ ಅಂದುಕೊಂಡೆ. ಅಂದಿನಿಂದ ಬಸ್ಸಿನಲ್ಲಿ ಬಲಗಡೆಯ ಕಿಟಕಿಯಲ್ಲಿ ಕೂರತೊಡಗಿದೆ, ಕೆಳಗಿನ ಆ ಮರ ಕಾಣಬಾರದೆಂದು. ಆ ಸಿಟ್ಟು ಎಷ್ಟು ದಿನ ಇತ್ತೋ, ಆಮೇಲೆ ಬಲಗಡೆ ಕೂರುವುದೇ ಅಭ್ಯಾಸವಾಯಿತು.

ವರ್ಷಗಳು ಹೋದವು. ಆಫೀಸಿಗೆ ಕಂಪ್ಯೂಟರ್ ಬಂತು, ಮಸಿ ಹೋಯಿತು, ನಾನು ಮೌಸ್ ಹಿಡಿಯುವುದನ್ನು ಕಲಿತೆ. ಆಫೀಸು ಕಾಕ್ಸ್ ಟೌನಿನ ಒಂದು ಫ್ಲ್ಯಾಟಿನ ಮೂರನೆಯ ಮಹಡಿಗೆ ಬಂತು. ಸಿಟ್ಟಿಳಿದ ಮೇಲೆ ನನಗೊಂದು ಚಟ ಹತ್ತಿತ್ತು. ಎಲ್ಲೇ ಲಿಫ್ಟ್ ರಿಪೇರಿಯವರು ಕಂಡರೂ, ಎಡಗೈ ಕಿರುಬೆರಳ ತುದಿ ಇಲ್ಲದವರೊಬ್ಬರು ಗೊತ್ತಾ ಅಂತ ಕೇಳುವುದು. ಎಲ್ಲರೂ ವಿಚಿತ್ರವಾಗಿ ನೋಡುತ್ತಿದ್ದರು. ಒಂದು ಮಧ್ಯಾಹ್ನ ನಮ್ಮ ಕಟ್ಟಡದ ಲಿಫ್ಟಿಗೆ ಬಂದ ನರೆಗೂದಲಿನ ಮೆಕ್ಯಾನಿಕ್ ಹಾಗೆ ನೋಡಲಿಲ್ಲ.

“ನಮ್ಮ ಅಣ್ಣಾವ್ರು!” ಅಂದರು. “ನನಗೆ ಕೆಲಸ ಕಲಿಸಿದ್ದೇ ಅವರು. ಯಾವಾಗ್ಲೂ ಒಂದು ನಾಯಿ ಕತೆ ಹೇಳೋರು ಮೇಡಂ, ಸೇತುವೆ ಮುರಿದು ಬಿದ್ದ ಕತೆ. ಕೈ ಹಾಕ್ಬಾರ್ದು, ಕಾಯ್ಬೇಕು ಅನ್ನೋರು.”

ನಾನು ಲಿಫ್ಟಿನ ಬಾಗಿಲ ಹತ್ತಿರ ಸರಿದು ಕೇಳಿದೆ. “ಈಗೆಲ್ಲಿದ್ದಾರೆ?”

“ಹೋಗ್ಬಿಟ್ರು. ಮೂರು ವರ್ಷ ಆಯ್ತು. ಹಾರ್ಟು.” ಅವರು ಕೈಯ ಗ್ರೀಸು ಒರೆಸಿಕೊಂಡರು. “ವಿಚಿತ್ರದ ಮನುಷ್ಯ ಮೇಡಂ. ಆ ಬ್ರಿಡ್ಜ್ ಆದ್ಮೇಲೂ ನಾಲ್ಕೈದು ತಿಂಗಳು ಬಸ್ಸಲ್ಲಿ ಅದರ ಮೇಲೆ ಬರ್ತಿರ್ಲಿಲ್ಲ. ಬ್ರಿಡ್ಜಿಗೆ ಮುಂಚೆನೇ ಇಳಿದು, ಕೆಳಗಡೆ ಹಳಿ ದಾಟ್ಕೊಂಡು ನಡ್ಕೊಂಡು ಬರೋರು. ದಿನಾ ಲೇಟು, ದಿನಾ ಬೈಸ್ಕೊಳ್ಳೋರು. ಯಾಕಣ್ಣಾ ಅಂದ್ರೆ, ಅಲ್ಲಿ ಒಬ್ರು ಏನೋ ತೋರಿಸ್ತೀನಿ ಅಂದಿದ್ದಾರೆ ಕಣೋ, ಇಲ್ಲೇ ಇರಿ ಅಂದಿದ್ದಾರೆ ಅನ್ನೋರು.”

ಅಷ್ಟು ದಿನವೂ ನಾನು ಅವರ ತಲೆಯ ಮೇಲೇ ಹಾದುಹೋಗಿದ್ದೆ, ಬಲಗಡೆಯ ಕಿಟಕಿಯಲ್ಲಿ ಕೂತು.

ಹೆಸರು ಕೇಳಿದೆ. ಅವರು ಹೇಳಿದರು. ಸಾಧಾರಣ ಹೆಸರು, ನಮ್ಮ ಬೀದಿಯಲ್ಲೇ ಇಬ್ಬರಿಗಿದೆ. ಸಂಜೆ ಮನೆಗೆ ಬಂದು ಮಂಚದ ಕೆಳಗಿದ್ದ ಕೊಳವೆ ತೆಗೆದೆ. ಕಾಗದ ಹಳದಿಯಾಗಿದೆ, ಗೆರೆಗಳು ಮಾತ್ರ ಹಾಗೇ ಇವೆ. ಒಂದು ಇಳಿಹಗ್ಗವೂ ಹರಡಿಲ್ಲ. ಪೆನ್ನು ತೆಗೆದು ಆ ಖಾಲಿ ಮನೆಯ ಮೇಲೆ ಹಿಡಿದೆ. ಈಗ ಹೆಸರು ಗೊತ್ತಿತ್ತು, ಬರೆಯಬಹುದಿತ್ತು. ಆದರೆ ಒಬ್ಬರ ಸಹಿಯನ್ನು ಇನ್ನೊಬ್ಬರು ಹಾಕುವಂತಿಲ್ಲ. ಪೆನ್ನಿನ ಮುಚ್ಚಳ ಹಾಕಿದೆ.

ನಕ್ಷೆ ಇನ್ನೂ ಮನೆಯಲ್ಲೇ ಇದೆ. ಸಹಿ ಇಲ್ಲದ್ದು ಹೊಸ್ತಿಲು ದಾಟುವುದಿಲ್ಲ.